ಕನ್ನಡದ ಕಿವಿಯಲ್ಲಿ ಚೀನೀ: ಕಾಸರಗೋಡಿನ ಕ್ಯಾಂಪಸ್‌ನಲ್ಲಿ ಚೀನೀ ಭಾಷೆ ಕಲಿಸುವ ಸಮಗ್ರ ಮಾರ್ಗದರ್ಶಿ

ಮೊದಲ ವರ್ಷ ನಾನು ಒಂದು ದೊಡ್ಡ ತಪ್ಪು ಮಾಡಿದೆ. ಚೀನೀ ಉಚ್ಚಾರವನ್ನು ಇಂಗ್ಲಿಷ್ ಮೂಲಕ ಕಲಿಸಿದೆ. ಪಠ್ಯಪುಸ್ತಕ ಇಂಗ್ಲಿಷಿನಲ್ಲಿತ್ತು. ಉಚ್ಚಾರ ತೋರಿಸುವ ಪಿನ್ಯಿನ್ ಇರುವುದೂ ರೋಮನ್ ಲಿಪಿಯಲ್ಲಿ. ಹಾಗಾಗಿ ಬೇರೆ ದಾರಿ ಇದೆ ಅಂತ ನನಗೆ ಹೊಳೆಯಲೇ ಇಲ್ಲ. ಆರು ವಾರ ಕಳೆದರೂ ಮಕ್ಕಳ ಬಾಯಲ್ಲಿ ಬೀಜಿಂಗ್ ಬೀಜಿಂಗೇ ಆಗಿ ಉಳಿದಿತ್ತು.

ಒಂದು ದಿನ ಬದಿಯಡ್ಕ ಕಡೆಯ ಒಬ್ಬ ಹುಡುಗಿಯ ನೋಟ್‌ಬುಕ್ ತೆರೆದು ನೋಡಿದೆ. ಅಂಚಿನಲ್ಲಿ ಪೆನ್ಸಿಲಿನಿಂದ, ಸಣ್ಣ ಅಕ್ಷರದಲ್ಲಿ, ಕನ್ನಡದಲ್ಲಿ ‘ಪೇಯ್‌ಚಿಂಗ್’ ಅಂತ ಬರೆದುಕೊಂಡಿದ್ದಳು. ರೆಕಾರ್ಡಿಂಗ್ ಕೇಳಿ, ಕಿವಿಗೆ ಬಿದ್ದ ಹಾಗೆ ಬರೆದದ್ದು. ನಾನು ನೋಡಿದ ಕೂಡಲೇ ಕೈಯಿಂದ ಮುಚ್ಚಿಕೊಂಡಳು, ತಪ್ಪು ಮಾಡಿದ ಹಾಗೆ. ಆದರೆ ಸರಿ ಇದ್ದದ್ದು ಅವಳೇ. ಚೀನೀಯರು ತಮ್ಮ ರಾಜಧಾನಿಯ ಹೆಸರನ್ನು ಹೇಳುವುದು ಹೆಚ್ಚು ಕಡಿಮೆ ಹಾಗೆಯೇ.

ಅವತ್ತಿನಿಂದ ನನ್ನ ತರಗತಿ ಬದಲಾಯಿತು. ಕಾಸರಗೋಡನ್ನು ಸಪ್ತಭಾಷೆಗಳ ನಾಡು ಅಂತ ಕರೆಯುತ್ತೇವೆ. ಇಲ್ಲಿನ ಮಕ್ಕಳು ಮನೆಯಲ್ಲಿ ತುಳುವೋ ಹವ್ಯಕ ಕನ್ನಡವೋ ಬ್ಯಾರಿಯೋ ಕೊಂಕಣಿಯೋ ಆಡುತ್ತಾರೆ, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ. ಈ ಕಿವಿಗೆ ಚೀನೀ ಭಾಷೆ ಅಷ್ಟೇನೂ ದೂರದ್ದಲ್ಲ. ಅದನ್ನು ಇಂಗ್ಲಿಷಿನ ಬಾಗಿಲಿನಿಂದ ಒಳಗೆ ತಂದರೆ ಮಾತ್ರ ದೂರವಾಗುತ್ತದೆ. ಈ ಭಾಗದಲ್ಲಿ, ಅಥವಾ ಇಂಥದ್ದೇ ಗಡಿನಾಡಿನಲ್ಲಿ, ಚೀನೀ ಕೋರ್ಸ್ ಶುರು ಮಾಡಲು ಹೊರಟ ಅಧ್ಯಾಪಕರಿಗೂ ಸಂಯೋಜಕರಿಗೂ ನಾನು ಕಲಿತದ್ದನ್ನು ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತಿದ್ದೇನೆ.

ಹೆಜ್ಜೆ 1: ಯಾರು ಬರುತ್ತಾರೆ ಅಂತ ಮೊದಲು ತಿಳಿದುಕೊಳ್ಳಿ

ಸಿಲಬಸ್ ಬರೆಯುವ ಮೊದಲು ಒಂದು ಪುಟದ ಫಾರಂ ಹಂಚಿ. ಎರಡೇ ಪ್ರಶ್ನೆ ಸಾಕು: ಮನೆಯಲ್ಲಿ ಯಾವ ಭಾಷೆ? ಚೀನೀ ಯಾಕೆ?

ನಮ್ಮಲ್ಲಿ ಮೂರು ಬಗೆಯ ಮಕ್ಕಳು ಬರುತ್ತಾರೆ. ಮೊದಲನೆಯವರು ವ್ಯಾಪಾರದ ಮನೆಯವರು. ಮಾವನೋ ಅಣ್ಣನೋ ಗಲ್ಫ್‌ನಲ್ಲಿ ಅಂಗಡಿ ಇಟ್ಟಿರುತ್ತಾರೆ, ಮಾಲು ತರಲು ಚೀನಾದ ಯೀವು ಪೇಟೆಗೋ ಗುವಾಂಗ್‌ಝೌವಿನ ಕ್ಯಾಂಟನ್ ಮೇಳಕ್ಕೋ ಹೋಗುತ್ತಾರೆ. ಆ ಮೇಳ 1957ರಿಂದ ವರ್ಷಕ್ಕೆ ಎರಡು ಸಲ ನಡೆಯುತ್ತಾ ಬಂದಿದೆ. ಎರಡನೆಯವರು ಚೀನಾದಲ್ಲಿ ವೈದ್ಯಕೀಯ ಓದುವ ಯೋಚನೆಯಲ್ಲಿರುವವರು ಅಥವಾ ಅವರ ತಮ್ಮ ತಂಗಿಯರು. ಅಲ್ಲಿ ಪಾಠ ಇಂಗ್ಲಿಷಿನಲ್ಲಿ ನಡೆದರೂ ಆಸ್ಪತ್ರೆಯಲ್ಲಿ ರೋಗಿಯ ಜತೆ ಮಾತು ಚೀನೀಯಲ್ಲೇ ಆಗಬೇಕು. ಹಲವು ಕಡೆ ಅದಕ್ಕೆಂದೇ ಚೀನೀ ಭಾಷೆಯ ಮಟ್ಟ ಅಳೆಯುವ ಎಚ್‌ಎಸ್‌ಕೆ ಪರೀಕ್ಷೆಯ ನಾಲ್ಕನೆಯ ಮಟ್ಟ ಕೇಳುತ್ತಾರೆ. ಮೂರನೆಯವರು ಸುಮ್ನೆ ಕುತೂಹಲಕ್ಕೆ ಬರುವವರು. ಕೊನೆಯವರೆಗೂ ಉಳಿಯುವವರಲ್ಲಿ ಇವರೇ ಜಾಸ್ತಿ, ಇವರನ್ನು ಕಡೆಗಣಿಸಬೇಡಿ.

ಮನೆಭಾಷೆಯ ಪ್ರಶ್ನೆ ಲೆಕ್ಕಕ್ಕಲ್ಲ. ಮುಂದೆ ಉಚ್ಚಾರ ಕಲಿಸುವಾಗ ಯಾರ ಬಾಯಿಗೆ ಯಾವುದು ಸುಲಭ ಅಂತ ಈ ಫಾರಂ ನೋಡಿಯೇ ತಿಳಿಯುತ್ತದೆ.

ಒಂದು ಬ್ಯಾಚಿಗೆ 25 ಮಂದಿಗಿಂತ ಜಾಸ್ತಿ ಬೇಡ. ಇದರಲ್ಲಿ ರಾಜಿ ಮಾಡಿಕೊಳ್ಳಬೇಡಿ. 50 ನಿಮಿಷದ ತರಗತಿಯಲ್ಲಿ 25 ಮಂದಿ ಇದ್ದರೆ ಒಬ್ಬೊಬ್ಬರಿಗೆ ಸಿಗುವುದು ಎರಡು ನಿಮಿಷ. ಸ್ವರ, ಅಂದರೆ ದನಿಯ ಏರಿಳಿತ, ತಿದ್ದಲು ಅಷ್ಟಾದರೂ ಬೇಕು. 60 ಮಂದಿಯನ್ನು ಕೂರಿಸಿದರೆ ನೀವು ಚೀನೀ ಭಾಷೆಯ ಬಗ್ಗೆ ಉಪನ್ಯಾಸ ಕೊಡಬಹುದು, ಭಾಷೆ ಕಲಿಸಲಾಗದು.

ಹೆಜ್ಜೆ 2: ಕಾಗದಪತ್ರ ಮತ್ತು ಸಿಲಬಸ್

ಅಧ್ಯಯನ ಮಂಡಳಿ, ಅಕಾಡೆಮಿಕ್ ಕೌನ್ಸಿಲ್, ಹಣಕಾಸು ವಿಭಾಗ: ದಾರಿ ಎಲ್ಲ ಕೋರ್ಸಿನದ್ದೇ. ಎರಡು ವಿಷಯ ಮಾತ್ರ ಚೀನೀಗೆ ಬೇರೆ.

ಒಂದು, ಚೀನಾದ ಯಾವುದೇ ಸಂಸ್ಥೆಯ ಜತೆ ಒಪ್ಪಂದ ಮಾಡಿಕೊಳ್ಳುವುದಿದ್ದರೆ ಗೃಹ ಸಚಿವಾಲಯ ಮತ್ತು ವಿದೇಶಾಂಗ ಸಚಿವಾಲಯದ ಒಪ್ಪಿಗೆ ಮೊದಲೇ ಪಡೆಯಬೇಕು ಅಂತ ಯುಜಿಸಿ 2019ರ ಅಕ್ಟೋಬರಿನಲ್ಲಿ ಹೇಳಿದೆ. ಪುಸ್ತಕ ದಾನ, ಉಚಿತ ಶಿಕ್ಷಕರು ಅಂತ ಯಾರಾದರೂ ಪತ್ರ ಬರೆದರೆ ಖುಷಿಯಿಂದ ಒಪ್ಪಿಕೊಳ್ಳುವ ಮೊದಲು ಕುಲಸಚಿವರ ಕಚೇರಿಗೆ ತೋರಿಸಿ. ಒಪ್ಪಂದ ಇಲ್ಲದೆಯೂ ಒಳ್ಳೆಯ ಕೋರ್ಸ್ ನಡೆಸಬಹುದು. ನನ್ನ ಸಲಹೆ, ಮೊದಲ ಮೂರು ವರ್ಷ ಹಾಗೆಯೇ ನಡೆಸಿ.

ಎರಡು, 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಶಾಲೆಗಳಲ್ಲಿ ಕಲಿಸಬಹುದಾದ ವಿದೇಶಿ ಭಾಷೆಗಳ ಉದಾಹರಣೆ ಕೊಡುವಾಗ ಕೊರಿಯನ್, ಜಪಾನೀ, ಥಾಯ್, ಫ್ರೆಂಚ್ ಮುಂತಾದವು ಇವೆ, ಚೀನೀ ಇಲ್ಲ. ಸಭೆಯಲ್ಲಿ ಯಾರಾದರೂ ಇದನ್ನು ಎತ್ತಿಯೇ ಎತ್ತುತ್ತಾರೆ. ಅದು ಶಾಲೆಗೆ ಕೊಟ್ಟ ಉದಾಹರಣೆ, ವಿಶ್ವವಿದ್ಯಾಲಯದಲ್ಲಿ ಕಲಿಸಬಾರದು ಅಂತ ಎಲ್ಲೂ ಬರೆದಿಲ್ಲ. ಶಾಂತಿನಿಕೇತನದ ಚೀನಾ ಭವನ 1937ರಲ್ಲಿ ಶುರುವಾದದ್ದು. ದೆಹಲಿಯ ಜೆಎನ್‌ಯುವಿನಲ್ಲಿ ಪದವಿಯ ಮಟ್ಟದಿಂದಲೇ ಚೀನೀ ಇದೆ. ಇದನ್ನು ಒಂದು ಪುಟದಲ್ಲಿ ಬರೆದು ಇಟ್ಟುಕೊಂಡು ಹೋಗಿ.

ಸಿಲಬಸ್ ವಿಷಯದಲ್ಲಿ ಪ್ರಾಮಾಣಿಕವಾಗಿರಿ. ಅಮೆರಿಕದ ವಿದೇಶಾಂಗ ಇಲಾಖೆಯ ತರಬೇತಿ ಸಂಸ್ಥೆಯ ಲೆಕ್ಕದಲ್ಲಿ ಇಂಗ್ಲಿಷ್ ಮಾತನಾಡುವವರಿಗೆ ಚೀನೀಯಲ್ಲಿ ಕೆಲಸಕ್ಕೆ ಬೇಕಾದ ಹಿಡಿತ ಬರಲು ಸುಮಾರು 2200 ತರಗತಿ ಗಂಟೆ ಬೇಕು. ನಿಮ್ಮ ಕೈಯಲ್ಲಿರುವುದು ನಾಲ್ಕು ಕ್ರೆಡಿಟ್, ಅಂದರೆ 60 ಗಂಟೆ. ‘ಒಂದು ಸೆಮಿಸ್ಟರಿನಲ್ಲಿ ನಿರರ್ಗಳ ಚೀನೀ’ ಅಂತ ಪೋಸ್ಟರ್ ಹಾಕಬೇಡಿ. ಆ ಮಕ್ಕಳು ನಾಳೆ ನಿಮ್ಮ ಮುಖ ನೋಡಬೇಕಲ್ವಾ?

60 ಗಂಟೆಯಲ್ಲಿ ಏನಾಗುತ್ತದೆ? 150 ಪದ, ಚೆನ್ನಾಗಿ ಕೂತ ಉಚ್ಚಾರ, ನೂರು ಅಕ್ಷರಗಳ ಓದು, ನಲುವತ್ತು ಅಕ್ಷರಗಳ ಕೈಬರಹ, ತನ್ನ ಬಗ್ಗೆ ಎರಡು ನಿಮಿಷ ಮಾತು. 150 ಪದ ಅಂದರೆ 2010ರಿಂದ ನಡೆದುಬಂದ ಆರು ಮಟ್ಟದ ಎಚ್‌ಎಸ್‌ಕೆಯ ಮೊದಲ ಮಟ್ಟ. ಎರಡನೆಯದಕ್ಕೆ 300, ಮೂರನೆಯದಕ್ಕೆ 600, ನಾಲ್ಕನೆಯದಕ್ಕೆ 1200. ಆದರೆ ಚೀನಾ 2021ರಲ್ಲಿ ಒಂಬತ್ತು ಮಟ್ಟಗಳ ಹೊಸ ಮಾನದಂಡ ತಂದಿದೆ, ಅದರಲ್ಲಿ ಮೊದಲ ಮಟ್ಟಕ್ಕೇ 500 ಪದ. ಆದ್ದರಿಂದ ಸಿಲಬಸ್ಸಿನಲ್ಲಿ ‘ಎಚ್‌ಎಸ್‌ಕೆ 1’ ಅಂತ ಮಾತ್ರ ಬರೆದರೆ ಮುಂದೆ ಗೊಂದಲವಾಗುತ್ತದೆ. ಎಷ್ಟು ಪದ, ಎಷ್ಟು ಅಕ್ಷರ ಅಂತ ಸಂಖ್ಯೆಯನ್ನೇ ಬರೆಯಿರಿ.

ಹೆಜ್ಜೆ 3: ಕಲಿಸುವವರನ್ನು ಹುಡುಕುವುದು

ಕಾಸರಗೋಡಿಗೆ ಚೀನೀ ಅಧ್ಯಾಪಕರು ಸುಲಭವಾಗಿ ಸಿಗುವುದಿಲ್ಲ. ಅತಿಥಿ ಉಪನ್ಯಾಸಕರಾಗಿ ಬಂದವರು ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ ಕಂಪನಿ ಕೆಲಸ ಸಿಕ್ಕಿದ ಕೂಡಲೇ ಹೋಗುತ್ತಾರೆ. ಅವರನ್ನು ದೂರಲಾಗದು. ನಾನು ಹಿಂದೆ ಇದ್ದ ಒಂದು ಕಡೆ ಸೆಮಿಸ್ಟರಿನ ಎಂಟನೆಯ ವಾರದಲ್ಲಿ ಟೀಚರ್ ಬಿಟ್ಟು ಹೋದರು. ಮೂರು ವಾರ ತರಗತಿಯೇ ಇರಲಿಲ್ಲ. ಮತ್ತೆ ಶುರುವಾದಾಗ 22 ಮಂದಿಯಲ್ಲಿ 9 ಮಂದಿ ಉಳಿದಿದ್ದರು. ಮಕ್ಕಳಿಗೆ ಆದ ಆ ಬೇಸರ ನನಗೆ ಇನ್ನೂ ಮರೆತಿಲ್ಲ.

ಹಾಗಾಗಿ ಮೊದಲಿನಿಂದಲೇ ಇಬ್ಬರನ್ನು ಇಟ್ಟುಕೊಳ್ಳಿ. ಒಬ್ಬರು ಊರಿನಲ್ಲೇ ಇದ್ದು ಉಚ್ಚಾರ, ಅಕ್ಷರ, ದಿನದ ಅಭ್ಯಾಸ ನೋಡುವವರು. ಇನ್ನೊಬ್ಬರು ವಾರಕ್ಕೆ ಒಂದು ಸಲ ಆನ್‌ಲೈನ್‌ನಲ್ಲಿ ಬಂದು ವ್ಯಾಕರಣ ಮತ್ತು ಸಂಭಾಷಣೆ ಮಾಡಿಸುವವರು. ಒಬ್ಬರು ಹೋದರೂ ಇನ್ನೊಬ್ಬರು ಎಳೆದುಕೊಂಡು ಹೋಗುತ್ತಾರೆ.

ಸಂದರ್ಶನದಲ್ಲಿ ಪ್ರಮಾಣಪತ್ರ ನೋಡಿದ ಮೇಲೆ ಒಂದು ಕೆಲಸ ಮಾಡಿ. ಚೀನೀ ಏನೂ ಗೊತ್ತಿಲ್ಲದ ನಾಲ್ಕು ಮಕ್ಕಳನ್ನು ಕೂರಿಸಿ, ಇಪ್ಪತ್ತು ನಿಮಿಷ ಕಲಿಸಲು ಹೇಳಿ. ಮಗು ತಪ್ಪು ಹೇಳಿದಾಗ ಇವರು ‘ವೆರಿ ಗುಡ್’ ಅಂತ ಮುಂದೆ ಹೋಗುತ್ತಾರೋ, ನಿಂತು ತಿದ್ದುತ್ತಾರೋ ನೋಡಿ. ತಿದ್ದುವವರನ್ನೇ ಆರಿಸಿ. ಅವರಿಗೆ ಕನ್ನಡವೋ ಮಲಯಾಳವೋ ಬಂದರೆ ತುಂಬ ಒಳ್ಳೆಯದು. ಬಾರದಿದ್ದರೆ ಮುಂದಿನ ಹೆಜ್ಜೆಯಲ್ಲಿ ಹೇಳಿದ ಧ್ವನಿ ಪಟ್ಟಿಯನ್ನು ನೀವೇ ಅವರಿಗೆ ಮಾಡಿಕೊಡಿ.

ಹೆಜ್ಜೆ 4: ಮೊದಲ ಮೂರು ವಾರ ಧ್ವನಿ ಮಾತ್ರ

ಇದು ಇಡೀ ಕೋರ್ಸಿನ ಅಡಿಪಾಯ. ಇಲ್ಲಿ ಅವಸರ ಮಾಡಬೇಡಿ. 12 ಗಂಟೆ ಇದಕ್ಕೇ ಇಡಿ.

1958ರಲ್ಲಿ ಚೀನಾ ಒಪ್ಪಿಕೊಂಡ ಪಿನ್ಯಿನ್ ಕಣ್ಣಿಗೆ ಇಂಗ್ಲಿಷ್ ಹಾಗೆ ಕಾಣುತ್ತದೆ, ಕಿವಿಗೆ ಹಾಗಲ್ಲ. ಅದರ ಒಳಗಿನ ಲೆಕ್ಕ ನಮ್ಮ ಅಲ್ಪಪ್ರಾಣ ಮಹಾಪ್ರಾಣದ ಲೆಕ್ಕ. ಪಿನ್ಯಿನ್‌ನ ರೋಮನ್ ಅಕ್ಷರ ‘ಬಿ’ ಅಂದರೆ ನಮ್ಮ ಪ, ‘ಪಿ’ ಅಂದರೆ ಅದರ ಮಹಾಪ್ರಾಣ. ‘ಡಿ’ ಅಂದರೆ ತ, ‘ಟಿ’ ಅಂದರೆ ಥ. ‘ಜಿ’ ಅಂದರೆ ಕ, ‘ಕೆ’ ಅಂದರೆ ಖ. ‘ಜೆ’ ಅಂದರೆ ಚ, ‘ಕ್ಯೂ’ ಅಂದರೆ ಛ. ಬ, ದ, ಗ, ಜ ಎಂಬ ಘೋಷ ಧ್ವನಿಗಳು ಇದರಲ್ಲಿ ಇಲ್ಲವೇ ಇಲ್ಲ. ಈ ಒಂದು ಮಾತನ್ನು ಕನ್ನಡ ವರ್ಣಮಾಲೆ ಬೋರ್ಡಿನ ಮೇಲೆ ಬರೆದು ತೋರಿಸಿದರೆ ಅರ್ಧ ಗಂಟೆಯಲ್ಲಿ ಮಕ್ಕಳಿಗೆ ಅರ್ಥವಾಗುತ್ತದೆ. ಇಂಗ್ಲಿಷ್ ಮೂಲಕ ಹೋದರೆ ಒಂದು ತಿಂಗಳಾದರೂ ಆಗುವುದಿಲ್ಲ.

ಒಂದು ಎಚ್ಚರಿಕೆ. ನಾವು ಬರೆಯುವಾಗ ಮಹಾಪ್ರಾಣ ಬರೆಯುತ್ತೇವೆ, ಆಡುವಾಗ ಬಿಟ್ಟುಬಿಡುತ್ತೇವೆ. ‘ಭಾಷೆ’ ‘ಬಾಷೆ’ ಆಗುತ್ತದೆ. ‘ಫಲ’ದ ಫ ಹಲವರ ಬಾಯಲ್ಲಿ ‘ಫೋನ್‌’ನ ಫ ಆಗಿಬಿಟ್ಟಿದೆ. ಆದ್ದರಿಂದ ಎರಡು ಬೆರಳಗಲದ ಕಾಗದದ ಪಟ್ಟಿಯನ್ನು ತುಟಿಯ ಮುಂದೆ ಹಿಡಿಸಿ. ಪ ಅಂದಾಗ ಅಲುಗಬಾರದು, ಮಹಾಪ್ರಾಣಕ್ಕೆ ಪಟ್ಟಿ ಹಾರಬೇಕು. ಮೊದಲ ವಾರ ದಿನಾ ಐದು ನಿಮಿಷ ಇದನ್ನು ಮಾಡಿಸಿ.

ಇನ್ನು ಷ ಮತ್ತು ಶ. ಕನ್ನಡದಲ್ಲಿ ಎರಡನ್ನೂ ಒಂದೇ ಥರ ಆಡುತ್ತೇವೆ. ಚೀನೀಯಲ್ಲಿ ಎರಡೂ ಬೇರೆ ಬೇರೆ ಬೇಕು. ಪಿನ್ಯಿನ್‌ನ ‘ಎಕ್ಸ್’ ಅಂದರೆ ಶ, ನಾಲಿಗೆಯ ತುದಿ ಕೆಳಗೆ. ‘ಎಸ್‌ಎಚ್’ ಅಂದರೆ ಷ, ನಾಲಿಗೆ ಮಡಿಸಿ ಮೇಲಕ್ಕೆ. ವೇದಪಾಠ ಕಲಿತ ಮಕ್ಕಳು ತರಗತಿಯಲ್ಲಿದ್ದರೆ ಅವರಿಗೆ ಇದು ಆಗಲೇ ಬಾಯಲ್ಲಿರುತ್ತದೆ, ಅವರಿಂದಲೇ ಹೇಳಿಸಿ. ನಾಲ್ಕು ಅನ್ನುವ ಪದ ಸ್ ಇಂದ ಶುರು, ಹತ್ತು ಅನ್ನುವ ಪದ ಷ್ ಇಂದ. ಇದು ಕಲಸಿಹೋದರೆ ಬೆಲೆ ಹೇಳುವಾಗ ಪೆಟ್ಟು ಬೀಳುತ್ತದೆ.

ಈಗ ನನಗೆ ಅತಿ ಪ್ರಿಯವಾದದ್ದು. ಪಿನ್ಯಿನ್‌ನ ‘ಆರ್’ ಕಲಿಸಲು ಬೇರೆ ಊರಿನ ಅಧ್ಯಾಪಕರು ಬೆವರುತ್ತಾರೆ. ಕಾಸರಗೋಡಿನಲ್ಲಿ ಅದು ಒಂದು ನಿಮಿಷದ ಕೆಲಸ. ಮಲಯಾಳದಲ್ಲಿ ಮಳೆಗೆ ‘ಮೞ’ ಅನ್ನುತ್ತಾರಲ್ಲ, ಆ ೞ. ಹಳಗನ್ನಡದಲ್ಲಿ ನಮಗೂ ಇದ್ದು ಕಳೆದುಹೋದ ಅಕ್ಷರ. ‘ೞೆನ್’ ಅಂದರೆ ಮನುಷ್ಯ. ಬಸ್ಸಿನಲ್ಲಿ ದಿನಾ ಕೇಳುವ ಧ್ವನಿಯೇ ಚೀನೀಯಲ್ಲೂ ಇದೆ ಅಂತ ಗೊತ್ತಾದಾಗ ಮಕ್ಕಳ ಮುಖ ಅರಳುವುದನ್ನು ನೋಡಬೇಕು.

ಹಾಗೆಯೇ ಙ. ಅಕ್ಷರಮಾಲೆಯಲ್ಲಿ ಇದ್ದರೂ ಕನ್ನಡದಲ್ಲಿ ಅದಕ್ಕೆ ಒಂಟಿಯಾಗಿ ಕೆಲಸವಿಲ್ಲ. ಮಲಯಾಳದಲ್ಲಿ ಮಾವಿನಕಾಯಿಗೆ ‘ಮಾಙ್ಙ’ ಅನ್ನುವಾಗ ಅದು ಗ ಇಲ್ಲದೆ ಬರುತ್ತದೆ. ಚೀನೀಯಲ್ಲಿ ಪದದ ಕೊನೆಗೆ ಬರುವುದು ಈ ಙ್. ‘ಛ್ವಾನ್’ ಅಂದರೆ ಹಡಗು, ‘ಛ್ವಾಙ್’ ಅಂದರೆ ಮಂಚ. ಎರಡಕ್ಕೂ ನಾಲಿಗೆ ಮಡಿಸಿಯೇ ಛ ಹೇಳಬೇಕು.

ತುಳು ಮನೆಯವರಿಗೂ ಒಂದು ಬಂಡವಾಳ ಇದೆ. ತುಳುವಿನಲ್ಲಿ ಹತ್ತಕ್ಕೆ ‘ಪತ್ತ್’ ಅನ್ನುವಾಗ ಕೊನೆಗೆ ತುಟಿ ಉರುಟಾಗದ ಒಂದು ಅರ್ಧ ಉಕಾರ ಬರುತ್ತದೆ. ಮಲಯಾಳದಲ್ಲೂ ಅದಿದೆ. ಪಿನ್ಯಿನ್‌ನ ‘ಇ’ ಎಂದು ಓದಿಸಿಕೊಳ್ಳುವ ರೋಮನ್ ಐದನೆಯ ಅಕ್ಷರದ ಧ್ವನಿ ಇದಕ್ಕೆ ಹತ್ತಿರ, ಬಾಯಿ ಸ್ವಲ್ಪ ಜಾಸ್ತಿ ತೆರೆದರೆ ಆಯಿತು. ಯಾರ ಬಾಯಲ್ಲೂ ಇಲ್ಲದ್ದು ಒಂದೇ: ಮೇಲೆ ಎರಡು ಚುಕ್ಕಿ ಇರುವ ‘ಯು’. ನಾಲಿಗೆಯಲ್ಲಿ ಈ ಹಿಡಿದು ತುಟಿಯನ್ನು ಊ ಮಾಡಬೇಕು. ಕನ್ನಡಿ ಹಿಡಿದು ಅಭ್ಯಾಸ ಮಾಡಿಸಿ.

ಹೆಜ್ಜೆ 5: ಸ್ವರ

ಸ್ವರ ಅಂದರೆ ಇಲ್ಲಿ ಅ, ಆ ಅಲ್ಲ, ದನಿಯ ಏರಿಳಿತ: ನಾಲ್ಕು ಸ್ವರ, ಮೇಲೆ ಒಂದು ಹಗುರ ಸ್ವರ. ಬಾಣದ ಗುರುತು ಹಾಕಿ ವಿವರಿಸುವುದಕ್ಕಿಂತ ಮಕ್ಕಳು ದಿನಾ ಮಾಡುವುದನ್ನೇ ತೋರಿಸಿ. ಸಂಗೀತ ಕ್ಲಾಸಿನಲ್ಲಿ ಶ್ರುತಿಗೆ ಸೇರಿಸಿ ಮೇಲಿನ ‘ಸಾ’ ಹಿಡಿದು ನಿಲ್ಲಿಸುವುದು ಮೊದಲನೆಯ ಸ್ವರ. ಫೋನಿನಲ್ಲಿ ಸರಿಯಾಗಿ ಕೇಳದೆ ‘ಹಾಂ?’ ಅನ್ನುವುದು ಎರಡನೆಯದು. ಮನಸ್ಸಿಲ್ಲದೆ ಒಪ್ಪಿಕೊಳ್ಳುವಾಗ ತಗ್ಗಿನಲ್ಲಿ ‘ಹ್ಞೂಂ’ ಅನ್ನುವುದು ಮೂರನೆಯದು. ಅಮ್ಮ ಸಿಟ್ಟಿನಲ್ಲಿ ‘ಬಾ!’ ಅಂತ ಕರೆಯುವುದು ನಾಲ್ಕನೆಯದು.

ವ್ಯತ್ಯಾಸ ಅಷ್ಟೇ: ನಮ್ಮಲ್ಲಿ ಈ ಏರಿಳಿತ ಭಾವವನ್ನು ಬದಲಿಸುತ್ತದೆ, ಅಲ್ಲಿ ಪದವನ್ನೇ ಬದಲಿಸುತ್ತದೆ. ‘ಮಾಯ್’ ಮೂರನೆಯ ಸ್ವರದಲ್ಲಿ ಕೊಳ್ಳುವುದು, ನಾಲ್ಕನೆಯದರಲ್ಲಿ ಮಾರುವುದು. ಅಂಗಡಿ ಆಟ ಆಡಿಸುವಾಗ ಒಬ್ಬ ಹುಡುಗ ಅಡಿಕೆ ಕೊಳ್ಳಲು ಬಂದವನು ಮೂರು ಸಲವೂ ‘ಮಾರುತ್ತೇನೆ’ ಅಂದ. ಎದುರಿನವಳು ಅಡಿಕೆಯನ್ನು ಗಟ್ಟಿಯಾಗಿ ಹಿಡಿದುಕೊಂಡು ಕೊಡಲೇ ಇಲ್ಲ. ನಾಲ್ಕನೆಯ ಸಲ ದನಿ ತಗ್ಗಿಸಿದ, ಅಡಿಕೆ ಕೈಗೆ ಬಂತು. ಆಮೇಲೆ ಅವನು ಆ ಪದವನ್ನು ಯಾವತ್ತೂ ತಪ್ಪಲಿಲ್ಲ. ನಾನು ಎಷ್ಟು ಹೇಳಿದ್ದರೂ ಇದಾಗುತ್ತಿರಲಿಲ್ಲ.

ಎರಡು ಮೂರನೆಯ ಸ್ವರಗಳು ಒಟ್ಟಿಗೆ ಬಂದರೆ ಮೊದಲಿನದು ಎರಡನೆಯ ಸ್ವರವಾಗುತ್ತದೆ. ನಮಸ್ಕಾರಕ್ಕೆ ಹೇಳುವ ‘ನಿ ಹಾವ್’ನಲ್ಲೇ ಇದು ಆಗುತ್ತದೆ. ಇದನ್ನು ಹೇಳಿಕೊಡಲು ಹೊಸ ಪರಿಭಾಷೆ ಬೇಡ. ಮಳೆ ಮತ್ತು ಕಾಲ ಸೇರಿ ಮಳೆಗಾಲ ಆಗುವ ಆದೇಶ ಸಂಧಿ ಮಕ್ಕಳು ಹೈಸ್ಕೂಲಿನಲ್ಲಿ ಕಲಿತಿರುತ್ತಾರೆ. ಭಾಷಾವಿಜ್ಞಾನಿಗಳೂ ಚೀನೀಯ ಈ ಬದಲಾವಣೆಯನ್ನು ಸಂಧಿ ಅಂತಲೇ ಕರೆಯುತ್ತಾರೆ.

ಮಳೆಯ ವಿಷಯ ಬಂತು, ಹೇಳಿಬಿಡುತ್ತೇನೆ. ಶೈಕ್ಷಣಿಕ ವರ್ಷ ಶುರುವಾಗುವುದು ಮುಂಗಾರಿನಲ್ಲಿ. ಜಿಂಕ್ ಶೀಟಿನ ಮಾಡಿನ ಕೋಣೆಯಲ್ಲಿ ಜುಲೈ ತಿಂಗಳಲ್ಲಿ ಸ್ವರ ಕಲಿಸಲು ಆಗುವುದಿಲ್ಲ. ಮೊದಲನೆಯದು, ನಾಲ್ಕನೆಯದು ಯಾವುದೂ ಕೇಳುವುದಿಲ್ಲ, ಮಳೆ ಮಾತ್ರ ಕೇಳುತ್ತದೆ. ಟೈಮ್‌ಟೇಬಲ್ ಮಾಡುವವರ ಹತ್ತಿರ ಮೊದಲೇ ಹೋಗಿ ಕಾಂಕ್ರೀಟ್ ಮಾಡಿನ, ಕೆಳ ಅಂತಸ್ತಿನ ಕೋಣೆ ಕೇಳಿ. ಪ್ರೊಜೆಕ್ಟರ್ ಸಿಗದಿದ್ದರೂ ಚಿಂತೆಯಿಲ್ಲ, ಕೋಣೆ ಸರಿ ಇರಬೇಕು. ಜಿಲ್ಲಾಧಿಕಾರಿಗಳು ರಾತ್ರಿ ಮಳೆ ರಜೆ ಘೋಷಿಸಿದರೆ ಮರುದಿನಕ್ಕೆ ಕಳುಹಿಸಲು ಹತ್ತು ನಿಮಿಷದ ನಾಲ್ಕೈದು ರೆಕಾರ್ಡಿಂಗ್ ಮೊದಲೇ ಮಾಡಿಟ್ಟುಕೊಳ್ಳಿ. ಈ ಮೂರು ವಾರಗಳಲ್ಲಿ ಎರಡು ದಿನ ಬಿಟ್ಟುಹೋದರೆ ಕಿವಿ ಮತ್ತೆ ಮೊದಲಿಗೆ ಹೋಗುತ್ತದೆ.

ಹೆಜ್ಜೆ 6: ಅಕ್ಷರ

ನಾಲ್ಕನೆಯ ವಾರದಿಂದ ಅಕ್ಷರ ಶುರು ಮಾಡಿ. ಶಾಲೆಯ ಲೆಕ್ಕದ ಚೌಕ ಗೆರೆಯ ಪುಸ್ತಕ ಸಾಕು, ನಾಲ್ಕು ಚೌಕಕ್ಕೆ ಒಂದು ಅಕ್ಷರ. ಚೀನಾ 1956ರಲ್ಲಿ ಸರಳಗೊಳಿಸಲು ಶುರು ಮಾಡಿದ ಅಕ್ಷರಗಳನ್ನೇ ಕಲಿಸಿ. ಅದೇ ವರ್ಷ ನವೆಂಬರಿನಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು, ಹಾಗಾಗಿ ನಮ್ಮ ಮಕ್ಕಳಿಗೆ ಆ ಇಸವಿ ಮರೆಯುವುದಿಲ್ಲ. ತೈವಾನಿನಲ್ಲಿ ಬಳಸುವ ಹಳೆಯ ರೂಪ ಇದೆ ಅಂತ ತೋರಿಸಿ ಸಾಕು.

ಗೆರೆಯ ಕ್ರಮ ಕಡ್ಡಾಯ: ಮೇಲಿನಿಂದ ಕೆಳಗೆ, ಎಡದಿಂದ ಬಲಕ್ಕೆ, ಅಡ್ಡಗೆರೆ ಮೊದಲು ಆಮೇಲೆ ಉದ್ದಗೆರೆ, ಚೌಕಟ್ಟು ಮುಚ್ಚುವ ಗೆರೆ ಕೊನೆಗೆ.

ಮೊದಲ ಅಕ್ಷರ ಮರ. ಎರಡು ಮರ ಪಕ್ಕಪಕ್ಕ ಬರೆದರೆ ತೋಪು, ಮೂರು ಬರೆದರೆ ದಟ್ಟ ಕಾಡು. ಆಮೇಲೆ ಅಡಿಕೆ ಬರೆಸಿ. ಅಡಿಕೆಗೆ ‘ಪಿನ್‌ಲಾಙ್’ ಅನ್ನುತ್ತಾರೆ, ಮಲಯ ಭಾಷೆಯ ‘ಪಿನಾಙ್’ನಿಂದ ಹೋದ ಪದ. ಎರಡು ಅಕ್ಷರ, ಎರಡರ ಎಡಕ್ಕೂ ಮರ. ಬಲಕ್ಕೆ ಇರುವ ಭಾಗ ಉಚ್ಚಾರ ಹೇಳುತ್ತದೆ: ಒಂದು ‘ಪಿನ್’, ಇನ್ನೊಂದು ‘ಲಾಙ್’. ಚೀನೀ ಅಕ್ಷರಗಳಲ್ಲಿ ಬಹುಪಾಲು ಹೀಗೆಯೇ, ಒಂದು ಕಡೆ ಅರ್ಥದ ಸುಳಿವು, ಇನ್ನೊಂದು ಕಡೆ ಧ್ವನಿಯ ಸುಳಿವು. ಅಡಿಕೆ ತೋಟದ ಮಕ್ಕಳಿಗೆ ಈ ಒಂದು ಪದದಲ್ಲಿ ಇಡೀ ಲಿಪಿಯ ಗುಟ್ಟು ಸಿಗುತ್ತದೆ. ಹೈನಾನ್ ದ್ವೀಪದಲ್ಲಿ ಅಡಿಕೆ ಬೆಳೆಯುತ್ತಾರೆ, ಹುನಾನ್ ಪ್ರಾಂತ್ಯದಲ್ಲಿ ಜಗಿಯುತ್ತಾರೆ ಅಂತ ಹೇಳಿದರೆ ಮನೆಗೆ ಹೋಗಿ ಅಜ್ಜನಿಗೂ ಹೇಳುತ್ತಾರೆ.

ಕೈಬರಹ ನಲುವತ್ತು ಅಕ್ಷರಕ್ಕೆ ನಿಲ್ಲಿಸಿ. ಉಳಿದದ್ದು ಫೋನಿನಲ್ಲಿ ಪಿನ್ಯಿನ್ ಟೈಪ್ ಮಾಡಿ ಸರಿಯಾದ ಅಕ್ಷರ ಆರಿಸುವುದು. ಪ್ಲೆಕೋ ಎಂಬ ನಿಘಂಟು ಆ್ಯಪ್ ಉಚಿತವಾಗಿ ಸಿಗುತ್ತದೆ, ಮೊದಲ ದಿನವೇ ಹಾಕಿಸಿ.

ಹೆಜ್ಜೆ 7: ವ್ಯಾಕರಣವನ್ನು ಕನ್ನಡದ ಪಕ್ಕದಲ್ಲಿಟ್ಟು ತೋರಿಸಿ

ಕ್ರಿಯಾಪದ ಮೊದಲು, ಕರ್ಮ ಆಮೇಲೆ: ‘ನಾನು ಕುಡಿ ಚಾ’. ಇಲ್ಲಿ ಮಾತ್ರ ಇಂಗ್ಲಿಷ್ ನೆನಪು ಮಾಡಿಸಿ. ಉಳಿದ ಕಡೆ ಕನ್ನಡವೇ ಹತ್ತಿರ.

ಜಾಗ ಕ್ರಿಯಾಪದಕ್ಕಿಂತ ಮೊದಲು ಬರುತ್ತದೆ, ನಾವು ‘ಮನೆಯಲ್ಲಿ ಊಟ ಮಾಡುತ್ತೇನೆ’ ಅಂದ ಹಾಗೆ. ವಿಶೇಷಣ ಎಷ್ಟೇ ಉದ್ದ ಇರಲಿ, ನಾಮಪದಕ್ಕಿಂತ ಮೊದಲೇ. ‘ನಿನ್ನೆ ಬಂದ ಮನುಷ್ಯ’ ಅನ್ನುವುದನ್ನು ಅವರೂ ಅದೇ ಕ್ರಮದಲ್ಲಿ ಹೇಳುತ್ತಾರೆ: ‘ತ್ಸ್ವೋಥಿಯೆನ್ ಲಾಯ್ ತ ೞೆನ್’. ನಿನ್ನೆ, ಬಾ, ‘ತ’ ಎಂಬ ಪ್ರತ್ಯಯದಂಥ ಪದ, ಮನುಷ್ಯ. ಇಂಗ್ಲಿಷಿನಲ್ಲಿ ಇದು ಪೂರಾ ತಲೆಕೆಳಗು. ಪ್ರಶ್ನೆ ಕೇಳಲು ಕೊನೆಗೆ ‘ಮ’ ಸೇರಿಸುತ್ತಾರೆ, ನಾವು ‘ಬಂದ್ರಾ’ ಅಂತ ಕೊನೆಗೆ ಎಳೆದ ಹಾಗೆ. ಕುಶಲ ಕೇಳಲು ‘ಛಿ ಲ ಮ’ ಅನ್ನುತ್ತಾರೆ, ನೇರ ಅರ್ಥ ‘ಊಟ ಆಯ್ತಾ?’ ಇದಕ್ಕೆ ವಿವರಣೆಯೇ ಬೇಡ.

ಆ ‘ಲ’ ಭೂತಕಾಲ ಅಂತ ಪುಸ್ತಕದಲ್ಲಿದ್ದರೆ ನಂಬಬೇಡಿ. ಅದು ನಮ್ಮ ‘ಆಯ್ತು’. ‘ನಾಳೆ ಊಟ ಆದ ಮೇಲೆ ಹೋಗುತ್ತೇನೆ’ ಅನ್ನುವಾಗಲೂ ಅದು ಬರುತ್ತದೆ. ಕೆಲಸ ಮುಗಿಯಿತೋ ಇಲ್ಲವೋ ಅನ್ನುವುದು ಮುಖ್ಯ, ಯಾವಾಗ ಅನ್ನುವುದಲ್ಲ.

ಸಂಬಂಧದ ಪದಗಳಿಗೆ ಒಂದು ಇಡೀ ತರಗತಿ ಇಡಿ. ಅಣ್ಣ, ತಮ್ಮ, ಅಕ್ಕ, ತಂಗಿ: ನಾಲ್ಕಕ್ಕೂ ಬೇರೆ ಬೇರೆ ಪದ. ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ ಮೂವರಿಗೂ ಬೇರೆ ಬೇರೆ. ಅಳಿಯಸಂತಾನ ನಡೆದುಬಂದ ಈ ನೆಲದಲ್ಲಿ ಸೋದರಮಾವ ಅಂದರೆ ಏನು ಅಂತ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಇಂಗ್ಲಿಷ್ ಪುಸ್ತಕ ಇವರೆಲ್ಲರನ್ನೂ ‘ಅಂಕಲ್’ ಮಾಡಿ ಕೆಡಿಸುತ್ತದೆ. ಗೌರವಕ್ಕೆ ‘ನಿನ್’ ಇದೆ, ನಮ್ಮ ‘ನೀವು’. ಎದುರಿನವರನ್ನೂ ಸೇರಿಸಿಕೊಂಡ ‘ನಾವು’ಗೆ ‘ತ್ಸಾನ್‌ಮನ್’ ಇದೆ. ಇಂದಿನ ಕನ್ನಡದಲ್ಲಿ ಈ ಭೇದ ಇಲ್ಲ, ತುಳುವಿನಲ್ಲಿ ‘ನಮ’ ಮತ್ತು ‘ಎಂಕುಳು’ ಬೇರೆ ಬೇರೆ. ತುಳು ಮಕ್ಕಳು ಇದನ್ನು ತರಗತಿಗೆ ತಾವೇ ವಿವರಿಸಲಿ.

ಎಣಿಕೆಯ ಪದಗಳು ಎಲ್ಲರಿಗೂ ಕಷ್ಟ. ಪುಸ್ತಕಕ್ಕೆ ಒಂದು, ಕಾಗದ ಮೇಜು ಮುಂತಾದ ಚಪ್ಪಟೆ ವಸ್ತುಗಳಿಗೆ ಇನ್ನೊಂದು, ಬಟ್ಟಲಿಗೆ ಮತ್ತೊಂದು. ಆದರೆ ನಾವೂ ಸುಮ್ನೆ ‘ಒಂದು ಬಾಳೆ’ ಅನ್ನುವುದಿಲ್ಲ. ಒಂದು ಗೊನೆ ಬಾಳೆಕಾಯಿ, ಒಂದು ಸೂಡಿ ಹುಲ್ಲು, ಒಂದು ಚೆಂಡು ಮಲ್ಲಿಗೆ ಅನ್ನುತ್ತೇವೆ. ಅಲ್ಲಿಂದ ಶುರು ಮಾಡಿ. ಇಬ್ಬರು, ಮೂವರು ಅಂತ ಮನುಷ್ಯರನ್ನು ಬೇರೆ ಎಣಿಸುವುದನ್ನೂ ನೆನಪಿಸಿ.

ದೊಡ್ಡ ಸಂಖ್ಯೆಯಲ್ಲಿ ಎಚ್ಚರ. ಅವರ ಮುಖ್ಯ ಅಳತೆ ‘ವಾನ್’, ಅಂದರೆ 10,000. ನಮ್ಮ ಒಂದು ಲಕ್ಷ ಅವರಿಗೆ ಹತ್ತು ವಾನ್, ಒಂದು ಕೋಟಿ ಸಾವಿರ ವಾನ್. ವ್ಯಾಪಾರದ ಮನೆಯ ಮಕ್ಕಳಿಗೆ ಇದನ್ನು ಬಾಯಿಪಾಠ ಮಾಡಿಸಿ. ಇಲ್ಲಿ ಒಂದು ಸೊನ್ನೆ ತಪ್ಪಿದರೆ ನಷ್ಟ ಅವರದ್ದೇ.

ಹೆಜ್ಜೆ 8: ಪರೀಕ್ಷೆ

ಎಲ್ಲವನ್ನೂ ಬರವಣಿಗೆಯಲ್ಲೇ ಅಳೆಯುವ ರೂಢಿಗೆ ಬೀಳಬೇಡಿ. ನೂರಕ್ಕೆ ಮಾತು 35, ಕೇಳುವಿಕೆ 25, ಓದು 20, ಬರಹ 20 ಅಂತ ನಾನು ಹಂಚುತ್ತೇನೆ. ಮಾತಿನ ಪರೀಕ್ಷೆಯನ್ನು ರೆಕಾರ್ಡ್ ಮಾಡಿ. ಅಂಕದ ಬಗ್ಗೆ ತಕರಾರು ಬಂದಾಗ ಒಟ್ಟಿಗೆ ಕೂತು ಕೇಳಬಹುದು, ಮಗುವಿಗೂ ತನ್ನ ತಪ್ಪು ಗೊತ್ತಾಗುತ್ತದೆ. ಹೊರಗಿನ ಪರೀಕ್ಷಕರನ್ನು ಸೆಮಿಸ್ಟರಿನ ಮೊದಲ ತಿಂಗಳಲ್ಲೇ ಗೊತ್ತುಮಾಡಿ, ಕೊನೆಯಲ್ಲಿ ಹುಡುಕಿದರೆ ಸಿಗುವುದಿಲ್ಲ.

ಎಚ್‌ಎಸ್‌ಕೆ ಕಡ್ಡಾಯ ಮಾಡಬೇಡಿ. ಶುಲ್ಕ, ಪ್ರಯಾಣ ಎರಡೂ ಎಲ್ಲರ ಕೈಗೆ ಎಟಕುವುದಿಲ್ಲ. ಬೇಕಾದವರಿಗೆ ಸಂಜೆ ಬೇರೆ ತಯಾರಿ ಮಾಡಿಸಿ. ಹಳೆಯ ಮೊದಲ ಎರಡು ಮಟ್ಟಗಳಲ್ಲಿ 200ಕ್ಕೆ 120 ಬಂದರೆ ಪಾಸು. ಆ ಪ್ರಶ್ನೆಪತ್ರಿಕೆಗಳಲ್ಲಿ ಅಕ್ಷರದ ಜತೆ ಪಿನ್ಯಿನ್ ಕೂಡ ಇರುತ್ತದೆ, ಹಾಗಾಗಿ ಅಭ್ಯಾಸಕ್ಕೆ ಬಹಳ ಒಳ್ಳೆಯದು.

ಹೆಜ್ಜೆ 9: ಸಂಯೋಜಕರ ದಿನದ ಕೆಲಸ

ಚೀನಾದ ವಿದ್ಯಾರ್ಥಿಗಳ ಜತೆ ತಿಂಗಳಿಗೆ ಒಂದು ಮಾತುಕತೆ ಏರ್ಪಡಿಸಿದರೆ ಮಕ್ಕಳ ಉತ್ಸಾಹ ಎರಡು ಪಟ್ಟಾಗುತ್ತದೆ. ಅದಕ್ಕೂ ಮೊದಲೇ ವಿಭಾಗದ ಮುಖ್ಯಸ್ಥರಿಂದ ಲಿಖಿತ ಒಪ್ಪಿಗೆ ಪಡೆಯಿರಿ. ಚೀನೀಯರು ಮಾತುಕತೆಗೆ ಬಳಸುವ ವೀಚಾಟ್ ಆ್ಯಪ್ ನಮ್ಮ ದೇಶದಲ್ಲಿ 2020ರ ಜೂನ್‌ನಿಂದ ನಿಷೇಧದಲ್ಲಿದೆ. ಗೂಗಲ್ ಅಲ್ಲಿ ತೆರೆಯುವುದಿಲ್ಲ, ಹಾಗಾಗಿ ಗೂಗಲ್ ಮೀಟ್ ಲಿಂಕ್ ಕಳುಹಿಸಿ ಕಾಯುತ್ತಾ ಕೂರಬೇಡಿ. ಎರಡೂ ಕಡೆ ಕೆಲಸ ಮಾಡುವ ವ್ಯವಸ್ಥೆಯನ್ನು ಒಂದು ದಿನ ಮೊದಲು ಪರೀಕ್ಷಿಸಿ. ಅವರ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ. ನಮ್ಮ ಮಧ್ಯಾಹ್ನ 3 ಗಂಟೆ ಅವರಿಗೆ ಸಂಜೆ 5.30, ಇಬ್ಬರಿಗೂ ಅನುಕೂಲ. ಅದಕ್ಕಿಂತ ತಡ ಮಾಡಿದರೆ ಮುಳ್ಳೇರಿಯ, ಪೈವಳಿಕೆ ಕಡೆಯ ಮಕ್ಕಳು ಬಸ್ಸು ನೆನೆದು ಬಾಗಿಲು ನೋಡುತ್ತಾರೆ.

ಎರಡನೆಯ ಸೆಮಿಸ್ಟರಿಗೆ ಬಾರದವರನ್ನು ಕರೆದು ಮಾತನಾಡಿಸಿ. ಪಟ್ಟಿಯಿಂದ ಹೆಸರು ತೆಗೆದು ಸುಮ್ಮನಾಗಬೇಡಿ. ನಾನು ಕೇಳಿದವರಲ್ಲಿ ಹೆಚ್ಚಿನವರು ‘ಕಷ್ಟ’ ಅನ್ನಲಿಲ್ಲ. ಒಂದು ವಾರ ಜ್ವರ ಬಂದು ತಪ್ಪಿತು, ಆಮೇಲೆ ನಾಚಿಕೆಯಾಯಿತು ಅಂದರು. ಅಂಥವರಿಗಾಗಿ ಪ್ರತಿ ಶುಕ್ರವಾರ ಅರ್ಧ ಗಂಟೆ ತೆರೆದಿಡಿ. ಯಾರು ಬೇಕಾದರೂ ಬಂದು ತಪ್ಪಿದ ಪಾಠ ಕೇಳಲಿ, ಹಾಜರಿ ಬೇಡ.

ಖರ್ಚಿನ ಪಟ್ಟಿ ಸಣ್ಣದೇ ಇರಲಿ: ಒಂದು ಒಳ್ಳೆಯ ಸ್ಪೀಕರ್, ಹನ್ನೆರಡು ಇಯರ್‌ಫೋನ್, ಮಕ್ಕಳು ಬರೆದು ಎತ್ತಿ ತೋರಿಸಲು ಸಣ್ಣ ಬಿಳಿ ಹಲಗೆಗಳು, ಗ್ರಂಥಾಲಯಕ್ಕೆ ನಾಲ್ಕು ಪ್ರತಿ ಪಠ್ಯಪುಸ್ತಕ.

ಕೊನೆಯದಾಗಿ, ಮೊದಲ ದಿನದಿಂದಲೇ ಒಂದು ಹಸ್ತಾಂತರ ಫೈಲ್ ಇಡಿ. ಮುಂದಿನ ಸಂಯೋಜಕರು ಯಾರಾದರೂ ಮರುದಿನವೇ ತರಗತಿ ಶುರು ಮಾಡುವಂತಿರಬೇಕು. ಯಾವ ವಾರ ಯಾವ ಪಾಠ, ಪ್ರಶ್ನೆಪತ್ರಿಕೆಗಳು, ರೆಕಾರ್ಡಿಂಗ್‌ಗಳ ಪೆನ್‌ಡ್ರೈವ್, ಬದಲಿಗೆ ಬರಬಲ್ಲ ಟೀಚರ್‌ಗಳ ಪಟ್ಟಿ, ಕಾಂಕ್ರೀಟ್ ಕೋಣೆಯ ನಂಬರ್. ನನ್ನ ಫೈಲಿನ ಮೊದಲ ಹಾಳೆ ಧ್ವನಿ ಪಟ್ಟಿ. ಎಡಕ್ಕೆ ಪಿನ್ಯಿನ್, ಬಲಕ್ಕೆ ಕನ್ನಡ ಅಕ್ಷರ, ಅಂಚಿನಲ್ಲಿ ಮಲಯಾಳ ಮತ್ತು ತುಳು ಉದಾಹರಣೆ. ಪ್ರತಿ ಬ್ಯಾಚಿನ ಮಕ್ಕಳು ಅದರಲ್ಲಿ ಪೆನ್ಸಿಲಿನಿಂದ ಏನಾದರೂ ಸೇರಿಸುತ್ತಾರೆ. ಕಳೆದ ವರ್ಷ ಬ್ಯಾರಿ ಮನೆಯ ಒಬ್ಬ ಹುಡುಗ ತನ್ನ ಮನೆಮಾತಿನ ಮೂರು ಪದ ಬರೆದಿದ್ದಾನೆ. ಈ ವರ್ಷ ಅದನ್ನು ಶಾಯಿಯಲ್ಲಿ ತಿದ್ದಿ ಬರೆದು, ಹೊಸ ಪ್ರತಿ ತೆಗೆಸಿದೆ.